ಕೊನೆ ಮನೆಯ ರಾಯರು

ಬನ್ನಿಮಂಟಪ ಎಂದರೆ ಹೊರಗಿನವರಿಗೆ ವಿಜಯದಶಮಿಯ ರಾತ್ರಿಯ ಪಂಜಿನ ಕವಾಯತು. ಅರಮನೆಯಿಂದ ಹೊರಟ ಜಂಬೂ ಸವಾರಿ ಸುಮಾರು 5 ಕಿಲೋಮೀಟರ್ ನಡೆದು ಬಂದು ಮುಗಿಯುವ ಜಾಗ. ಇಲ್ಲೇ ಸಂಸಾರ ಮಾಡಿಕೊಂಡಿರುವ ನಮಗೆ ಮಾತ್ರ ಇದು ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರ ಬಡಾವಣೆ. ಎಲ್‌ಐಸಿಯ ವಿಭಾಗೀಯ ಕಚೇರಿ ಇಲ್ಲಿದೆ, ಕೆಎಸ್‌ಆರ್‌ಟಿಸಿ ಡಿಪೊ ಇದೆ, 1946ರಲ್ಲಿ ಆರಂಭವಾದ ಸೇಂಟ್ ಫಿಲೋಮಿನಾ ಕಾಲೇಜಿದೆ. ಹೊಸ ಬಡಾವಣೆಯ ಕಡೆ ನಡೆದರೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಅದು. 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲಿಯೇ. ಮದುವೆಯಾಗಿ ಈ ಬಡಾವಣೆಗೆ ಬಂದ ಹೊಸತರಲ್ಲಿ ಆ ಕಾಂಪೌಂಡಿನ ಮುಂದೆ ಹಾದುಹೋಗುವಾಗಲೆಲ್ಲ ನನಗೊಂದು ಹೆಮ್ಮೆ. ನಾನೂ ಬಣ್ಣದ ಕಾರ್ಖಾನೆಯ ಕೆಮಿಸ್ಟೇ. ಆದರೆ ನಾನಿದ್ದದ್ದು ಬೇರೊಂದು ಸಣ್ಣ ಖಾಸಗಿ ಕಾರ್ಖಾನೆ. ಮಹಾರಾಣಿ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ ಕೂಡಲೇ ಸೇರಿದ್ದು. ವಾಹನಗಳ ಬಿಡಿಭಾಗ ಮಾಡುವವರಿಗೆ ಪ್ರೈಮರ್ ಮತ್ತು ಎನಾಮಲ್ ಕಳಿಸುವುದು ನಮ್ಮ ವ್ಯಾಪಾರ.

2008ರ ಕೊನೆಯಲ್ಲಿ ಪ್ರಪಂಚದಾದ್ಯಂತ ವ್ಯಾಪಾರ ಕುಸಿಯಿತಲ್ಲ, ಆಗ ವಾಹನಗಳ ಆರ್ಡರು ಇಳಿದವು. ಬಿಡಿಭಾಗದವರ ಆರ್ಡರು ಇಳಿಯಿತು, ನಮ್ಮದೂ ಇಳಿಯಿತು. ಮೊದಲು ಎರಡನೇ ಪಾಳಿ ನಿಂತಿತು, ಆಮೇಲೆ ಸಂಬಳ ತಡವಾಗತೊಡಗಿತು, 2009ರಲ್ಲಿ ಗೇಟಿಗೆ ಬೀಗ ಬಿತ್ತು. ನನಗಾಗ 36 ವರ್ಷ, ಮಗಳು ಪ್ರೈಮರಿ ಶಾಲೆಯಲ್ಲಿದ್ದಳು. ಮನೆಯವರಿಗೆ ಡಿಪೊದಲ್ಲಿ ಕೆಲಸವಿತ್ತು, ಹೊಟ್ಟೆಗೆ ತೊಂದರೆ ಇರಲಿಲ್ಲ. ಆದರೂ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟುಹೋದ ಮೇಲೆ ಹಜಾರದಲ್ಲಿ ನಿಂತರೆ ಕೈಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಕೆಲಸವೆಂದರೆ ಸಂಬಳ ಮಾತ್ರವಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಎಷ್ಟು ನಿಜ ಎಂದು ನನಗೆ ಗೊತ್ತಾದದ್ದು ಆ ಹಜಾರದಲ್ಲಿ.

ಒಮ್ಮೆ ಸೇರಿದ ಮೇಲೆ ಮತ್ತೆ ಕೆಲಸ ಹುಡುಕಿದವಳೇ ಅಲ್ಲ ನಾನು. ಯಾರನ್ನಾದರೂ ಕೇಳಬೇಕಿತ್ತು. ಯಾರನ್ನು ಕೇಳುವುದು ಎಂಬ ಪ್ರಶ್ನೆ ಕೆಲಸಕ್ಕಿಂತ ಮೊದಲು ಬರುತ್ತದೆ, ಮತ್ತು ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಮುಂದಿನದು ಅರ್ಧ ಹಗುರ. ಇಂದು ಕರಿಯರ್ ಕೋಚ್ ಎನ್ನುವವರು ಫೋನಿನಲ್ಲೇ ಸಿಗುತ್ತಾರೆ. ಆಗ ಮೈಸೂರಿನಲ್ಲಿ ಆ ಮಾತು ಅಷ್ಟಾಗಿ ಓಡಾಡುತ್ತಿರಲಿಲ್ಲ. ಆದರೆ ಆ ಕೆಲಸ ಮಾಡುವವರು, ಮಾಡುತ್ತೇವೆ ಎನ್ನುವವರು ಬೇಕಾದಷ್ಟು ಮಂದಿ ಇದ್ದರು.

ಮೊದಲು ಹೋದದ್ದು ಪೇಟೆಯಲ್ಲಿ ಮಹಡಿ ಮೇಲಿದ್ದ ಒಂದು ಕನ್ಸಲ್ಟೆನ್ಸಿಗೆ. ಸಂಜೆ ಪತ್ರಿಕೆಯಲ್ಲಿ ಜಾಹೀರಾತು ನೋಡಿದ್ದೆ. ಕೌಂಟರಿನ ಹುಡುಗಿ ನನ್ನ ಬಯೋಡೇಟಾ ತೆಗೆದುಕೊಂಡು, ತೆರೆಯದೆಯೇ ಫೈಲಿಗೆ ಸೇರಿಸಿದಳು. ನೋಂದಣಿಗೆ 1500 ರೂಪಾಯಿ, ಕೆಲಸ ಸಿಕ್ಕ ಮೇಲೆ ಒಂದು ತಿಂಗಳ ಸಂಬಳ. ಯಾವ ಯಾವ ಕಂಪನಿಗಳಿಗೆ ಕಳಿಸುತ್ತೀರಿ ಎಂದರೆ, ‘ಅದೆಲ್ಲ ಹೇಳೋಕಾಗಲ್ಲ ಮೇಡಂ, ನೂರಾರು ಕಂಪನಿ ಇವೆ’ ಎಂದಳು. ಪೇಂಟ್ ಕೆಮಿಸ್ಟನ್ನು ಕೇಳಿದ ಕಂಪನಿ ಅವುಗಳಲ್ಲಿ ಇದೆಯೇ ಎಂದೆ. ಅವಳು ಒಳಗೆ ಹೋಗಿ ಬಂದು, ಮೊದಲು ನೋಂದಣಿ ಮಾಡಿಸಿ ಎಂದಳು. ಬಯೋಡೇಟಾ ವಾಪಸು ಕೇಳಿ ಪಡೆದು ಇಳಿದು ಬಂದೆ. ನಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಹುಡುಗನೊಬ್ಬ ಅಂಥದೇ ಇನ್ನೊಂದು ಕಡೆ ದುಡ್ಡು ಕಟ್ಟಿದ. ಅವರು ಅವನನ್ನು ಬೆಂಗಳೂರಿನ ಪೀಣ್ಯಕ್ಕೆ ಒಂದು ಸಂದರ್ಶನಕ್ಕೆ ಕಳಿಸಿದರು. ಆ ವಿಳಾಸದಲ್ಲಿ ಆ ಹೆಸರಿನ ಕಂಪನಿಯೇ ಇರಲಿಲ್ಲ. ಅವನು ಅದನ್ನು ನನಗೆ ಹೇಳುವಾಗ ದುಡ್ಡಿನ ಮಾತೇ ಆಡಲಿಲ್ಲ. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಪೀಣ್ಯದ ಬೀದಿ ಬೀದಿ ಕೇಳಿಕೊಂಡು ಅಲೆದದ್ದನ್ನು ಹೇಳಿದ. ಈಗಲೂ ಅದು ನೆನಪಾದರೆ ನನಗೆ ಸಿಟ್ಟು ಬರುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟೋ ಓದಿದ ಮಕ್ಕಳೂ ಇದನ್ನು ಬೆರೆಸಿಬಿಡುತ್ತಾರೆ. ಕಂಪನಿಗೆ ಜನ ಹುಡುಕಿಕೊಡುವವನಿಗೆ ದುಡ್ಡು ಕೊಡುವುದು ಕಂಪನಿ. ಅವನು ಕಂಪನಿಯ ಮನುಷ್ಯ, ಅದರಲ್ಲಿ ತಪ್ಪೇನಿಲ್ಲ. ನಮಗೆ ಹುಡುಕುವುದನ್ನು ಕಲಿಸುವವನಿಗೆ ದುಡ್ಡು ಕೊಡುವುದು ನಾವು, ಅವನು ಕೊಡುವ ಸಮಯಕ್ಕೆ. ಕೆಲಸವನ್ನೇ ಕೊಡಿಸುತ್ತೇನೆ ಎಂದು ನಮ್ಮಿಂದ ಮುಂಗಡ ಕೇಳುವವನು ಇವೆರಡೂ ಅಲ್ಲ. ವಿದೇಶಕ್ಕೆ ಕಳಿಸುವ ಏಜೆಂಟರಿಗಾದರೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ಆ ಸಂಖ್ಯೆ ಕೇಳಿ ಪರೀಕ್ಷಿಸಬಹುದು. ಕರಿಯರ್ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಯಾವ ಲೈಸೆನ್ಸೂ ಬೇಕಿಲ್ಲ. ಪರೀಕ್ಷೆ ಮಾಡಬೇಕಾದವರು ನಾವೇ.

ಆಮೇಲೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಹೋದೆ. ನಮ್ಮ ತಲೆಮಾರಿನ ಎಲ್ಲರೂ ಡಿಗ್ರಿ ಮುಗಿದ ಕೂಡಲೇ ಅಲ್ಲಿ ಹೆಸರು ಬರೆಸಿ, ಕಾರ್ಡನ್ನು ನವೀಕರಿಸುತ್ತ ಬಂದವರು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಸೈನ್ಯದಿಂದ ವಾಪಸಾದವರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಹುಟ್ಟಿದ ವ್ಯವಸ್ಥೆ ಅದು. ಆಗ ಜಾರಿಯಲ್ಲಿದ್ದ 1959ರ ಕಾಯ್ದೆಯ ಪ್ರಕಾರ 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕಿತ್ತು. ಆದರೆ ಅಲ್ಲಿಂದಲೇ ಜನ ತೆಗೆದುಕೊಳ್ಳಬೇಕೆಂದು ಆ ಕಾಯ್ದೆ ಹೇಳುತ್ತಿರಲಿಲ್ಲ. ಮೇಜಿನ ಆಚೆ ಕೂತಿದ್ದ ಅಧಿಕಾರಿ ನನ್ನ ಕಾರ್ಡು ತಿರುಗಿಸಿ ನೋಡಿ, ಇದನ್ನೇ ಮೆತ್ತಗೆ ಹೇಳಿದರು. ‘ಕಾರ್ಡ್ ಇಟ್ಕೊಳ್ಳಿಮ್ಮ, ಸರ್ಕಾರಿ ಕರೆ ಬಂದ್ರೆ ಬರುತ್ತೆ. ಅದನ್ನೇ ನಂಬ್ಕೊಂಡು ಮನೇಲಿ ಕೂರ್ಬೇಡಿ.’ ಅವರು ನನಗೆ ಕೆಲಸ ಕೊಡಿಸಲಿಲ್ಲ, ಆದರೆ ತಮ್ಮಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿದರು. ಆ ಗೌರವ ನನಗೆ ಇವತ್ತಿಗೂ ಇದೆ.

ಆ ದಿನಗಳಲ್ಲೇ ಬೆಂಗಳೂರಿನಿಂದ ತರಬೇತುದಾರರೊಬ್ಬರು ಬಂದು ಹೋಟೆಲ್ಲೊಂದರ ಹಾಲ್‌ನಲ್ಲಿ ಉಚಿತ ಕಾರ್ಯಕ್ರಮ ನಡೆಸಿದರು. ನಮ್ಮ ಕಾರ್ಖಾನೆಯ ಅಕೌಂಟ್ಸ್ ವಿಭಾಗದ ಗೆಳತಿ ನನ್ನನ್ನೂ ಕರೆದುಕೊಂಡು ಹೋದಳು. ಅವರು ಚೆನ್ನಾಗಿ ಮಾತಾಡುತ್ತಿದ್ದರು. ಎಲ್ಲರನ್ನೂ ಎದ್ದು ನಿಲ್ಲಿಸಿ, ಕಣ್ಣು ಮುಚ್ಚಿಸಿ, ಬೇಕಾದ ಕೆಲಸದಲ್ಲಿ ಆಗಲೇ ಇದ್ದೇವೆ ಎಂದು ಅಂದುಕೊಳ್ಳಲು ಹೇಳಿದರು. ಕೊನೆಗೆ, ಹನ್ನೆರಡು ವಾರದ ಕೋರ್ಸಿಗೆ 18,000 ರೂಪಾಯಿ, ಇವತ್ತೇ ಸೇರಿದರೆ ರಿಯಾಯಿತಿ. ನಾನು ಹತ್ತಿರ ಹೋಗಿ, ‘ಸಾರ್, ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಯಾರಿಗಾದರೂ ನೀವು ಹೇಳಿಕೊಟ್ಟದ್ದುಂಟಾ?’ ಎಂದು ಕೇಳಿದೆ. ಯಾವ ಕ್ಷೇತ್ರ ಎಂಬುದು ಮುಖ್ಯವಲ್ಲ, ಮನಸ್ಸು ಮುಖ್ಯ ಎಂದರು.

ಆ ಮಾತು ಸುಳ್ಳಲ್ಲ ಎಂದು ಒಪ್ಪುತ್ತೇನೆ. ನನ್ನ ಗೆಳತಿ ಆ ಕೋರ್ಸಿಗೆ ಸೇರಿದಳು, ಮತ್ತು ಅದರಿಂದ ಅವಳಿಗೆ ಉಪಯೋಗವೂ ಆಯಿತು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಡುಗುತ್ತಿದ್ದವಳು ಸಂದರ್ಶನದಲ್ಲಿ ನೇರ ಕೂತು ಮಾತಾಡುವಂತಾದಳು. ಅವಳಿಗೆ ಬೇಕಾದದ್ದು ಧೈರ್ಯ. ನನಗೆ ಬೇಕಾದದ್ದು ಬೇರೆ. ನನಗೆ ಮಾತು ಬರುತ್ತಿತ್ತು, ಯಾರ ಮುಂದೆ ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಕೆಲವರಿಗೆ ದಾರಿಯೇ ಗೊತ್ತಿರುವುದಿಲ್ಲ, ಇಪ್ಪತ್ತೆರಡು ವಯಸ್ಸಿಗೆ ಬಿಕಾಂ ಆಗಿದೆ, ಮುಂದೇನು ಎಂಬುದೇ ಪ್ರಶ್ನೆ. ಕೆಲವರಿಗೆ ದಾರಿ ಗೊತ್ತು, ಪರಿಚಯದವರಿಲ್ಲ. ಇವರೆಲ್ಲರಿಗೂ ಒಬ್ಬನೇ ಮಾರ್ಗದರ್ಶಕ ಆಗಿಬರುವುದಿಲ್ಲ. ತನಗೆ ಯಾವುದು ಕಡಿಮೆ ಎಂದು ಒಂದು ಸಂಜೆ ಕೂತು ಪ್ರಾಮಾಣಿಕವಾಗಿ ಯೋಚಿಸದೆ ಹೋದವರು, ಯಾರ ಮಾತು ಚೆಂದವೋ ಅವರ ಹಿಂದೆ ಹೋಗುತ್ತಾರೆ.

ರಾಯರ ಹೆಸರು ಎತ್ತಿದ್ದು ನಮ್ಮತ್ತೆ. ಅಕ್ಕಿ ಆರಿಸುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, ‘ಆ ಕೊನೆ ಮನೆ ರಾಯರನ್ನ ಕೇಳಬಾರದೇನೇ? ಜಾವಾ ಮುಚ್ಚಿದಾಗ ಎಷ್ಟು ಹುಡುಗರು ಅವರ ಜಗಲೀಲಿ ಕೂತಿರೋರು’ ಎಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ ಮಾಡುತ್ತಿದ್ದ ಆ ಕಾರ್ಖಾನೆಗೆ ನಮ್ಮ ಕಡೆಯ ಬೀದಿಗಳಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದವರು ಅನೇಕರು. ರಾಯರು ಕೆಲಸ ಮಾಡಿದ್ದು ಅಲ್ಲಲ್ಲ. ಬೇರೊಂದು ದೊಡ್ಡ ಕಾರ್ಖಾನೆಯಲ್ಲಿ ಪರ್ಸನಲ್ ಆಫೀಸರ್ ಆಗಿ ನಿವೃತ್ತರಾದವರು. ಈಗ ಎಚ್‌ಆರ್ ಎನ್ನುತ್ತಾರಲ್ಲ, ಅದಕ್ಕೆ ಆಗಿನ ಹೆಸರು ಅದು. ಜೀವಮಾನವಿಡೀ ಮೇಜಿನ ಆ ಕಡೆ ಕೂತು, ಎದುರಿಗೆ ಕೂತವರನ್ನು ಆರಿಸಿದವರು, ಬಿಟ್ಟವರು.

ನಾನು ಹೋದಾಗ ಅವರು ಪೇಪರು ಮಡಚಿಟ್ಟು ಒಳಗೆ ಕರೆದರು. ನಾನು ಏನೂ ಕೇಳುವ ಮೊದಲೇ ಒಂದು ಮಾತು ಹೇಳಿದರು. ‘ನೋಡೀಮ್ಮ, ನಾನು ಯಾರಿಗೂ ಫೋನ್ ಮಾಡಲ್ಲ. ನಾನು ಹೇಳಿದ್ರೆ ಗೇಟಿನೊಳಗೆ ಬಿಡ್ತಾರೆ, ಅಷ್ಟೆ. ಒಳಗೆ ಮಾತಾಡ್ಬೇಕಾದವರು ನೀವು. ಅದಕ್ಕೆ ಬೇಕಾದ್ರೆ ಕೂರೋಣ.’ ಆಮೇಲೆ, ತಮ್ಮ ಹತ್ತಿರ ಬಂದುಹೋದ ಇಬ್ಬರ ಹೆಸರು ಹೇಳಿ, ಮೊದಲು ಅವರನ್ನು ಕಂಡು ಮಾತಾಡಿಕೊಂಡು ಬನ್ನಿ, ನಾನು ನಿಮಗೆ ಆಗಿಬರುತ್ತೇನೋ ಇಲ್ಲವೋ ನೀವೇ ನೋಡಿ ಎಂದರು.

ಮಾರ್ಗದರ್ಶಕನೊಬ್ಬ ತನ್ನನ್ನು ಪರೀಕ್ಷಿಸಿ ನೋಡಿ ಎಂದು ತಾನೇ ಹೇಳಿದ್ದನ್ನು ನಾನು ಮೊದಲು ಕಂಡದ್ದು ಅಲ್ಲಿ. ಹೋಗಿ ವಿಚಾರಿಸಿದೆ. ಒಬ್ಬರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ‘ರಾಯರು ಕೆಲಸ ಕೊಡಿಸ್ಲಿಲ್ಲ ಕಣಕ್ಕ, ಬಾಯಿ ಕೊಡಿಸಿದ್ರು’ ಎಂದರು. ಇನ್ನೊಬ್ಬರು ಅಷ್ಟು ಹೊಗಳಲಿಲ್ಲ. ರಾಯರ ನಾಲಿಗೆ ಬಹಳ ಹರಿತ, ಒಂದು ದಿನ ಕಣ್ಣಲ್ಲಿ ನೀರು ಬಂದು ಎದ್ದುಹೋಗಿದ್ದೆ, ತಿಂಗಳ ಮೇಲೆ ಮತ್ತೆ ಹೋದೆ ಎಂದರು. ಮತ್ತೆ ಯಾಕೆ ಹೋದಿರಿ ಎಂದು ಕೇಳಿದೆ. ‘ಅವರು ಅಂದಿದ್ದು ನಿಜ ಅಂತ ಅಷ್ಟರಲ್ಲಿ ಗೊತ್ತಾಗಿತ್ತು’ ಎಂದರು. ಹೊಗಳಿಕೆಗಿಂತ ಈ ಎರಡನೆಯ ಮಾತೇ ನನಗೆ ಹೆಚ್ಚು ನಂಬಿಕೆ ತಂದಿತು. ನನ್ನ ಸ್ವಭಾವಕ್ಕೆ ಹರಿತ ನಾಲಿಗೆ ಅಡ್ಡಿಯಿಲ್ಲ. ಬೇರೆಯವರಿಗೆ ಅದು ಒಗ್ಗದೆ ಇರಬಹುದು, ಅದನ್ನೂ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದೇ.

ಒಂದು ಸಂಜೆ ಬಯೋಡೇಟಾ ಹಿಡಿದು ಕೂತೆ. ಎರಡು ಪುಟ. ಮೊದಲ ಪುಟದ ಮೇಲರ್ಧ ತಂದೆಯ ಹೆಸರು, ಗಂಡನ ಹೆಸರು, ಹುಟ್ಟಿದ ದಿನ, ರಾಷ್ಟ್ರೀಯತೆ, ತಿಳಿದ ಭಾಷೆಗಳು. ಕೊನೆಯಲ್ಲಿ ಹವ್ಯಾಸ, ಓದು ಮತ್ತು ರಂಗೋಲಿ. ನಡುವೆ, ಹದಿಮೂರು ವರ್ಷದ ಕೆಲಸಕ್ಕೆ ಒಂದೇ ಸಾಲು: ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ ಸೇವೆ. ರಾಯರು ಎರಡು ಪುಟವನ್ನೂ ಅಕ್ಷರ ಬಿಡದೆ ಓದಿದರು, ನನ್ನ ಎದುರಿಗೇ. ಆಮೇಲೆ ಕನ್ನಡಕ ತೆಗೆದು ಕೇಳಿದರು.

‘ಅಲ್ಲಿ ಏನ್ಮಾಡ್ತಿದ್ರಿ?’

‘ಕ್ವಾಲಿಟಿ ಕಂಟ್ರೋಲ್ ಸಾರ್.’

‘ಅದು ಡಿಪಾರ್ಟ್‌ಮೆಂಟಿನ ಹೆಸರು. ನೀವೇನ್ಮಾಡ್ತಿದ್ರಿ ಹೇಳಿ. ಬೆಳಿಗ್ಗೆ ಹೋದ ತಕ್ಷಣ ಕೈಗೇನ್ ತಗೋತಿದ್ರಿ?’

ಫೋರ್ಡ್ ಕಪ್ ಎಂದೆ. ಹಾಗಂದರೇನು ಎಂದರು. ಹೇಳಿದೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ಬಟ್ಟಲು, ತಳ ಚೂಪಾಗಿ ಇಳಿದು ಕೊನೆಯಲ್ಲಿ ಒಂದು ಸಣ್ಣ ತೂತು. ಬ್ಯಾಚಿನಿಂದ ತೆಗೆದ ಬಣ್ಣವನ್ನು 30 ಡಿಗ್ರಿಗೆ ತಂದು, ತೂತಿಗೆ ಕೆಳಗಿನಿಂದ ಬೆರಳು ಒತ್ತಿ ಹಿಡಿದು, ಅಂಚಿನವರೆಗೆ ತುಂಬಿಸುತ್ತೇವೆ. ಬೆರಳು ತೆಗೆದ ಕ್ಷಣಕ್ಕೆ ಸ್ಟಾಪ್‌ವಾಚ್ ಒತ್ತುವುದು. ಬಣ್ಣ ದಾರದ ಹಾಗೆ ಇಳಿಯುತ್ತದೆ. ಆ ದಾರ ಮೊದಲ ಸಲ ತುಂಡಾದಾಗ ವಾಚು ನಿಲ್ಲಿಸುವುದು. ಎಷ್ಟು ಸೆಕೆಂಡು ಎನ್ನುವುದೇ ಆ ಬಣ್ಣ ಎಷ್ಟು ಮಂದ ಎಂಬ ಅಳತೆ.

‘ಸೆಕೆಂಡ್ ಕಡಿಮೆ ಬಂದ್ರೆ?’

‘ತೆಳು ಅಂತ. ನಿಂತಿರೋ ತಗಡಿಗೆ ಹೊಡೆದ್ರೆ ಜಾರಿ ಸೋರುತ್ತೆ.’

‘ಜಾಸ್ತಿ ಬಂದ್ರೆ?’

‘ಮೇಲ್ಮೈ ಕಿತ್ತಳೆ ಸಿಪ್ಪೆ ಥರ ಆಗುತ್ತೆ ಸಾರ್.’

‘ನೀವು ಬೇಡ ಅಂದ್ರೆ ಬ್ಯಾಚ್ ನಿಲ್ತಿತ್ತಾ?’

ನಿಲ್ಲುತ್ತಿತ್ತು. ಹಾಗೆ ನಿಲ್ಲಿಸಿದ್ದು ಯಾವಾಗ ಎಂದು ಕೇಳಿದರು. ಆಗ ನನಗೆ ಆ ಪ್ರೈಮರಿನ ಪ್ರಕರಣ ನೆನಪಾಯಿತು. ಗಿರಾಕಿಯೊಬ್ಬರು ಡ್ರಮ್ಮುಗಳನ್ನು ವಾಪಸು ಕಳಿಸಿದ್ದರು, ಬಣ್ಣ ತಗಡಿಗೆ ಹಿಡಿಯದೆ ಏಳುತ್ತಿದೆ ಎಂದು. ಪ್ರೊಡಕ್ಷನ್‌ನವರು ಗಿರಾಕಿಯ ತಗಡಿನಲ್ಲಿ ಎಣ್ಣೆ ಇದೆ ಎಂದರು. ನಾನು ಇಟ್ಟಿದ್ದ ಹಳೆಯ ಸ್ಯಾಂಪಲ್ ಡಬ್ಬಿಗಳನ್ನು ತೆಗೆದು, ಒಂದೊಂದನ್ನೂ ಶುದ್ಧವಾದ ತಗಡಿಗೆ ಬಳಿದು ಒಣಗಿಸಿ, ಬ್ಲೇಡಿನಿಂದ ಚೌಕ ಚೌಕವಾಗಿ ಗೆರೆ ಕೊಯ್ದು, ಟೇಪು ಅಂಟಿಸಿ ಕಿತ್ತು ನೋಡಿದೆ. ಒಂದು ತಾರೀಖಿನಿಂದ ಈಚಿನವು ಮಾತ್ರ ಏಳುತ್ತಿದ್ದವು. ಆ ತಾರೀಖಿಗೆ ಬಂದಿದ್ದು ಹೊಸ ಸರಬರಾಜುದಾರನ ಸಾಲ್ವೆಂಟ್. ಅದನ್ನು ಬರೆದುಕೊಟ್ಟೆ, ಸರಬರಾಜುದಾರನನ್ನು ಬದಲಾಯಿಸಿದರು, ಗಿರಾಕಿ ಉಳಿದ.

ರಾಯರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನನ್ನ ಎರಡು ಪುಟವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, ‘ಇದೆಲ್ಲ ಇದರಲ್ಲಿ ಎಲ್ಲಿದೆ?’ ಎಂದರು.

ಎಲ್ಲೂ ಇರಲಿಲ್ಲ. ಆ ಪ್ರಶ್ನೆಯಲ್ಲಿ ಇಡೀ ವಿದ್ಯೆ ಇದೆ ಎಂದು ನನಗನ್ನಿಸುತ್ತದೆ. ರಾಯರಿಗೆ ಬಣ್ಣದ ಬಗ್ಗೆ ಏನೂ ಗೊತ್ತಿರಲಿಲ್ಲ, ಫೋರ್ಡ್ ಕಪ್ಪನ್ನು ಕಂಡವರಲ್ಲ. ಆದರೆ ಒಬ್ಬ ಮನುಷ್ಯ ಮಾಡಿದ ಕೆಲಸವನ್ನು ಅವನ ಬಾಯಿಂದಲೇ ಹೊರಡಿಸುವುದು ಹೇಗೆಂದು ಗೊತ್ತಿತ್ತು. ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ: 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ಯುವಕರಿಗೆ ಕಸುಬು ಆರಿಸಿಕೊಳ್ಳಲು ನೆರವಾಗುವ ಕಚೇರಿ ತೆರೆದಿದ್ದರಂತೆ. ಮೊದಲು ನಿನ್ನನ್ನು ನೀನು ತಿಳಿ, ಆಮೇಲೆ ಕೆಲಸಗಳನ್ನು ತಿಳಿ, ಆಮೇಲೆ ಎರಡಕ್ಕೂ ಇರುವ ಹೊಂದಾಣಿಕೆಯನ್ನು ಯೋಚಿಸು ಎಂಬುದು ಅವರ ಕ್ರಮ. ರಾಯರು ನಡೆದದ್ದೂ ಅದೇ ದಾರಿಯಲ್ಲಿ.

ಎರಡನೆಯ ಭಾಗಕ್ಕೆ ಬಂದಾಗ ಅವರು ನನ್ನ ಯೋಚನೆಯನ್ನೇ ಅಗಲ ಮಾಡಿದರು. ನಾನು ಬಣ್ಣದ ಕಾರ್ಖಾನೆಗಳಿಗೆ ಮಾತ್ರ ಅರ್ಜಿ ಹಾಕುತ್ತಿದ್ದೆ. ಮೈಸೂರಿನಲ್ಲಿ ಅವು ಎಷ್ಟಿದ್ದಾವು? ರಾಯರು ಕೇಳಿದರು, ‘ಬಣ್ಣ ಮಾಡೋರನ್ನ ಬಿಡಿ. ಬಣ್ಣ ಹೊಡೆಯೋರು ಯಾರ್ಯಾರು?’ ಹೇಳುತ್ತ ಹೋದಂತೆ ಪಟ್ಟಿ ಬೆಳೆಯಿತು. ಹೂಟಗಳ್ಳಿಯಲ್ಲಿ, ಮೇಟಗಳ್ಳಿಯಲ್ಲಿ, ಹೆಬ್ಬಾಳದಲ್ಲಿ, ಕೂರ್ಗಳ್ಳಿಯಲ್ಲಿ ಬಿಡಿಭಾಗ ಮಾಡುವವರು, ಸ್ಟೀಲ್ ಬೀರು ಮಾಡುವವರು, ವಿದ್ಯುತ್ ಪ್ಯಾನೆಲ್ ಮಾಡುವವರು, ಪೌಡರ್ ಕೋಟಿಂಗ್ ಮಾಡಿಕೊಡುವ ಸಣ್ಣ ಸಣ್ಣ ಘಟಕಗಳು. ಅವರಿಗೆಲ್ಲ ಬಣ್ಣ ಏಳುವುದು ದಿನದ ತಲೆನೋವು. ಅದರ ಕಾರಣ ಹುಡುಕಬಲ್ಲವರು ಅವರಲ್ಲಿ ಇರುವುದಿಲ್ಲ.

ಯಾರಿಗೆ ಹೇಳಬೇಕು ಎಂಬುದನ್ನೂ ಅವರೇ ಹೇಳಿಕೊಟ್ಟರು. ನೆಂಟರಿಗೆ ಹೇಳುವುದು ಬೇಡ, ಅವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ನಿಮ್ಮ ಲ್ಯಾಬಿಗೆ ರೆಸಿನ್, ಸಾಲ್ವೆಂಟ್ ಮಾರಲು ಬರುತ್ತಿದ್ದ ಸೇಲ್ಸ್‌ನವರು ಈಗ ಯಾವ ಯಾವ ಗೇಟಿಗೆ ಹೋಗುತ್ತಿದ್ದಾರೆ? ಅವರಿಗೆ ಹೇಳಿ. ಇದು ನನಗೆ ಸಂಕೋಚದ ವಿಷಯ. ನಾನು ಎಷ್ಟೋ ಸಲ ಹೊರಗೆ ಕಾಯಿಸಿದ್ದ ಜನರಿಗೆ, ನನಗೆ ಕೆಲಸ ಬೇಕು ಎಂದು ಹೇಳುವುದು. ಹೇಳಿದೆ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದಿದೆ. ಬಾಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದ್ದರು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು. ಶೇ 80ಕ್ಕೂ ಹೆಚ್ಚು ಮಂದಿ, ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಎಂದಿದ್ದರು. ರಾಯರು ಅದನ್ನು ಓದಿದ್ದರೋ ಇಲ್ಲವೋ, ಮೇಜಿನ ಆ ಕಡೆ ಕೂತು ನೋಡಿ ಕಲಿತಿದ್ದರು.

ಕಂಪ್ಯೂಟರ್ ವಿಷಯ ಬಂದಾಗ ಅವರು ಕೈ ಎತ್ತಿದರು. ನೌಕರಿಯ ವೆಬ್‌ಸೈಟುಗಳು, ಇ-ಮೇಲ್ ಕಳಿಸುವುದು ತನಗೆ ಬರುವುದಿಲ್ಲ ಎಂದು, ಅದೇ ಬೀದಿಯ ಎಂಜಿನಿಯರಿಂಗ್ ಹುಡುಗನ ಹತ್ತಿರ ಕಳಿಸಿದರು. ತನಗೆ ಬಾರದ್ದನ್ನು ಬಾರದು ಎಂದು ಹೇಳಿ, ಬರುವವರ ಕಡೆ ಕೈ ತೋರಿಸುವವರನ್ನು ನಂಬಬಹುದು.

ಸಂದರ್ಶನದ ಅಭ್ಯಾಸ ಮಾಡಿಸುವಾಗ ಒಂದು ದಿನ ಅವರು ಇದ್ದಕ್ಕಿದ್ದಂತೆ ಗಡುಸಾಗಿ, ‘ಮನೇಲಿ ಮಗು ಇದೆಯಲ್ಲ, ಶಿಫ್ಟ್ ಹೇಗೆ ಮಾಡ್ತೀರಿ?’ ಎಂದರು. ನಾನು ತಡವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈ ಪ್ರಶ್ನೆ ನಾನೂ ಕೇಳಿದೀನಿ. ಕೇಳಿ ಎಷ್ಟೋ ಹೆಣ್ಣುಮಕ್ಕಳನ್ನ ವಾಪಸ್ ಕಳಿಸಿದೀನಿ. ಗಂಡಸರನ್ನ ಒಂದು ಸಲಾನೂ ಕೇಳಿಲ್ಲ. ನಿಮ್ಮನ್ನೂ ಕೇಳ್ತಾರೆ. ಕೋಪ ಮಾಡ್ಕೋಬೇಡಿ, ಉತ್ತರ ತಯಾರಿಟ್ಕೊಳ್ಳಿ’ ಎಂದರು. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಆಗ ಮಹಿಳೆಯರ ಕೆಲಸದ ಹೊತ್ತು ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7. ಕರ್ನಾಟಕದಲ್ಲಿ ಷರತ್ತುಗಳೊಂದಿಗೆ ರಾತ್ರಿಪಾಳಿಗೆ ಅನುಮತಿ ಸಿಕ್ಕದ್ದು 2019ರಲ್ಲಿ. ಅಂದರೆ ನನ್ನನ್ನು ರಾತ್ರಿ ಕರೆಸುವ ಪ್ರಶ್ನೆಯೇ ಇರಲಿಲ್ಲ. ಅದನ್ನು ಹೇಳಿ, ಹಗಲಿನ ಯಾವ ಪಾಳಿಗೂ ಬರುತ್ತೇನೆ, ಮನೆಯಲ್ಲಿ ಅತ್ತೆ ಇದ್ದಾರೆ, ರಾತ್ರಿಪಾಳಿಗೆ ಬೇಕಾದ ಪರೀಕ್ಷೆಗಳನ್ನು ಸಂಜೆಯೇ ಮುಗಿಸಿ ಬರೆದಿಟ್ಟು ಹೋಗುವ ಕ್ರಮ ಹೀಗೆ ಎಂದು ವಿವರಿಸುವುದನ್ನು ಕಲಿತೆ. ರಾಯರು ತಮ್ಮ ಹಿಂದಿನ ನಡೆಯನ್ನು ಹಾಗೆ ನನ್ನ ಮುಂದೆ ಇಟ್ಟದ್ದು, ಅವರ ವಯಸ್ಸಿಗೆ, ಆ ಕಾಲಕ್ಕೆ, ಸಣ್ಣ ಮಾತಲ್ಲ.

ಸಾಲ್ವೆಂಟ್ ಮಾರುವವರೊಬ್ಬರು ಹೇಳಿದ ಸುದ್ದಿಯಿಂದ ಹೂಟಗಳ್ಳಿಯ ಪೌಡರ್ ಕೋಟಿಂಗ್ ಘಟಕವೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಮಾಲೀಕರು ನನ್ನ ಮುಂದೆ ಒಂದು ತಗಡು ಇಟ್ಟು, ಇದು ಯಾಕೆ ಏಳುತ್ತಿದೆ ಹೇಳಿ ಎಂದರು. ಅಂಚಿನ ಮೇಲೆ ಉಗುರು ಆಡಿಸಿ, ತೊಳೆಯುವ ಟ್ಯಾಂಕುಗಳನ್ನು ನೋಡಬಹುದೇ ಎಂದು ಕೇಳಿದೆ. ಹದಿಮೂರು ವರ್ಷದ ಆ ಒಂದು ಸಾಲು ಅಷ್ಟು ಹೊತ್ತಿಗೆ ಅರ್ಧ ಪುಟವಾಗಿತ್ತು, ಆದರೆ ಅವರು ಆ ಪುಟ ತೆಗೆದು ನೋಡಲೇ ಇಲ್ಲ.

ರಾಯರು ದುಡ್ಡು ಮುಟ್ಟಲಿಲ್ಲ. ಹಾಗೆಂದು, ಬಿಟ್ಟಿ ಸಿಗುವ ಮಾರ್ಗದರ್ಶನವೇ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಅವರಿಗೆ ಪಿಂಚಣಿ ಇತ್ತು, ಸಮಯವಿತ್ತು. ಇದನ್ನೇ ಕಸುಬು ಮಾಡಿಕೊಂಡವರು ಗಂಟೆಗಿಷ್ಟು ಎಂದು ಕೇಳುವುದು ನ್ಯಾಯ. ಅಂತಾರಾಷ್ಟ್ರೀಯ ಮಟ್ಟದಲ್ಲಿ 1995ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ನಂಥ ಸಂಸ್ಥೆಗಳು ಕೋಚುಗಳಿಗೆ ತರಬೇತಿಯ ಮಟ್ಟ ಗೊತ್ತುಮಾಡಿ ಪ್ರಮಾಣಪತ್ರ ಕೊಡುತ್ತವೆ. ಅದನ್ನು ನೋಡುವುದೂ ಒಳ್ಳೆಯದೇ. ಪ್ರಶ್ನೆ ಕೇಳುವುದನ್ನು ಅವರು ಕಲಿತಿದ್ದಾರೆ ಎಂದು ಅದರಿಂದ ತಿಳಿಯುತ್ತದೆ. ನಿಮ್ಮ ಕ್ಷೇತ್ರದಲ್ಲಿ ಜನರನ್ನು ಹೇಗೆ ಆರಿಸುತ್ತಾರೆ ಎಂಬುದು ಅವರಿಗೆ ಗೊತ್ತೇ ಎಂಬುದು ಮಾತ್ರ ಅದರಲ್ಲಿ ಬರೆದಿರುವುದಿಲ್ಲ, ಅದನ್ನು ಬಾಯಿಬಿಟ್ಟು ಕೇಳಬೇಕು. ಮತ್ತು ಎಷ್ಟೋ ನೆರವು ದುಡ್ಡಿಲ್ಲದೆಯೂ ಇದೆ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ನೋಂದಣಿಗೆ ಏನೂ ಕೊಡಬೇಕಿಲ್ಲ. ರಾಜ್ಯದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ ಎರಡು ವರ್ಷದವರೆಗೆ ಸಿಗುತ್ತದೆ. ಆ ದುಡ್ಡನ್ನು ಯಾವುದೋ ಜಾಹೀರಾತಿನ ಕೋಚ್‌ಗೆ ಹಾಗೇ ದಾಟಿಸುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ರಾಯರು ಈಗಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಗೇ ಒಬ್ಬರೋ ಇಬ್ಬರೋ ಬರುತ್ತಾರೆ. ನಾನು ಕೋಚ್ ಅಲ್ಲ. ಕಾರ್ಖಾನೆ, ಲ್ಯಾಬು ಇವಿಷ್ಟು ನನಗೆ ಗೊತ್ತು, ಉಳಿದವರಿಗೆ ಸರಿಯಾದವರನ್ನು ಹುಡುಕಿಕೊಳ್ಳಲು ಜೊತೆಗೆ ಕೂರುತ್ತೇನೆ. ಈಚೆಗೆ ಬರುತ್ತಿರುವವಳು ಕಾವೇರಿನಗರದ ಹುಡುಗಿ, ಬಿಕಾಂ ಮುಗಿಸಿದ್ದಾಳೆ. ಫೋನಿನಲ್ಲಿ ಬಂದ ಜಾಹೀರಾತಿನ ಕೋಚ್ ಒಬ್ಬರು ಅವಳಿಗೆ 90 ದಿನದಲ್ಲಿ ಬಹುರಾಷ್ಟ್ರೀಯ ಕಂಪನಿಯಲ್ಲಿ ಕೆಲಸ ಎಂದು ಮಾತು ಕೊಟ್ಟಿದ್ದರು. ‘ನಿಮ್ಮ ಹತ್ತಿರ ಕಲಿತ ಇಬ್ಬರ ಜೊತೆ ಮಾತಾಡಬಹುದಾ ಅಂತ ಕೇಳು’ ಎಂದೆ. ಅವಳು ನನ್ನ ಎದುರಿಗೇ ಫೋನ್ ಮಾಡಿ ಕೇಳಿದಳು. ವಿಡಿಯೊ ಕಳಿಸುತ್ತೇವೆ ನೋಡಿ, ಮಾತಾಡಿಸೋಕಾಗಲ್ಲ ಎಂಬ ಉತ್ತರ ಬಂತು. ಅವಳು ವಿಚಾರಿಸಿದ ಎರಡನೆಯ ಕೋಚ್ ಬ್ಯಾಂಕಿನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಒಬ್ಬ ಹೆಂಗಸು. ಅರ್ಧ ಗಂಟೆ ಫೀಸಿಲ್ಲದೆ ಮಾತಾಡಿ, ಇವಳು ಏನೇನು ಮಾಡಿದ್ದಾಳೆ ಎಂದು ಕೆದಕಿ ಕೇಳಿ, ‘ಈಗಲೇ ನನಗೆ ದುಡ್ಡು ಕೊಡಬೇಡಿ. ಮೊದಲು ನೀವು ಮಾಡಿದ ಕೆಲಸವನ್ನು ಬರೆದುಕೊಂಡು ಬನ್ನಿ, ಆಮೇಲೂ ಬೇಕು ಅನ್ನಿಸಿದರೆ ಕೂರೋಣ’ ಎಂದರಂತೆ. ಹುಡುಗಿಗೆ ಇದರಿಂದ ಸ್ವಲ್ಪ ಬೇಜಾರಾಗಿತ್ತು. ನನಗೆ ಬಹಳ ಸಂತೋಷವಾಯಿತು.

ತಾನು ಏನೂ ಕೆಲಸ ಮಾಡಿಲ್ಲ, ಫ್ರೆಶರ್ ಎಂದೇ ಅವಳ ಹಟ. ವಿಚಾರಿಸುತ್ತ ಹೋದರೆ, ಕಾಲೇಜಿನ ದಿನಗಳಲ್ಲಿ ಮಂಡಿ ಮೊಹಲ್ಲಾದಲ್ಲಿರುವ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳನ್ನು ಟ್ಯಾಲಿಗೆ ಹತ್ತಿಸಿ, ಪ್ರತಿ ತಿಂಗಳ ಜಿಎಸ್‌ಟಿ ರಿಟರ್ನ್ ತಯಾರು ಮಾಡುತ್ತಿದ್ದವಳು ಅವಳೇ. ಒಂದು ಸಲ ಸರಬರಾಜುದಾರನೊಬ್ಬ ತನ್ನ ಬಿಲ್ಲನ್ನು ತೋರಿಸದೆ ಬಿಟ್ಟದ್ದನ್ನು ಹಿಡಿದು, ಅಂಗಡಿಗೆ ಬರಬೇಕಿದ್ದ ತೆರಿಗೆಯನ್ನು ವಾಪಸು ಪಡೆಯುವಂತೆ ಮಾಡಿದ್ದಾಳೆ. ಅದನ್ನು ಯಾಕೆ ಬರೆದಿಲ್ಲ ಎಂದರೆ, ‘ಅದು ಕೆಲಸಾನಾ ಆಂಟಿ, ಚಿಕ್ಕಪ್ಪನ ಅಂಗಡಿ’ ಎಂದಳು. ಯಾವ ತಿಂಗಳು, ಯಾವ ಬಿಲ್ಲು, ಹೇಗೆ ಗೊತ್ತಾಯಿತು ಎಲ್ಲ ಬರೆದುಕೊಂಡು ಬರಲು ಹೇಳಿದ್ದೇನೆ. ಬರುವ ಭಾನುವಾರ ಅದನ್ನು ಹಿಡಿದು ಕೂರಬೇಕು.